ನಟ, ನಟಿ ಎಂಬ ಗೆರೆ ಅಳಿಸಿ, ಬಹುಮಾನದ ಸಂಖ್ಯೆ ಮಾತ್ರ ಇಳಿಸಬೇಡಿ

ಇವರಿಗೆ,
ರಾಜ್ಯದ ನಾಟಕ ಸ್ಪರ್ಧೆಗಳ ಸಂಘಟಕರು ಮತ್ತು ತೀರ್ಪುಗಾರರು,
ಹಾಗೂ ಮಾನ್ಯ ಅಧ್ಯಕ್ಷರು, ಕರ್ನಾಟಕ ನಾಟಕ ಅಕಾಡೆಮಿ

ವಿಷಯ: ನಾಟಕ ಸ್ಪರ್ಧೆಗಳಲ್ಲಿ ಅಭಿನಯದ ಬಹುಮಾನಗಳನ್ನು ಗಂಡು, ಹೆಣ್ಣು ಎಂದು ಭಾಗ ಮಾಡುವ ಪದ್ಧತಿಯ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಸಣ್ಣ ಊರಿನ ಒಂದು ಹವ್ಯಾಸಿ ತಂಡದ ನಿರ್ದೇಶಕಿ. ಹಗಲು ಹೈಸ್ಕೂಲಿನಲ್ಲಿ ಪಾಠ, ಸಂಜೆ ಸಮುದಾಯ ಭವನದಲ್ಲಿ ತಾಲೀಮು. ನಮ್ಮಂಥ ತಂಡಗಳು ಉಳಿದಿರೋದೇ ನೀವು ನಡೆಸುವ ಸ್ಪರ್ಧೆಗಳಿಂದ. ಸ್ಪರ್ಧೆಯ ತಾರೀಕು ಗೊತ್ತಾದ ಮೇಲೆ ತಾನೇ ನಮ್ಮ ಹುಡುಗರು ಮೊಬೈಲ್ ಕೆಳಗಿಟ್ಟು ಮಾತು ಬಾಯಿಪಾಠ ಮಾಡೋದು! ಆ ಋಣ ನಮ್ಮ ಮೇಲಿದೆ. ಅದನ್ನು ಮರೆಯದೆ ಒಂದು ದೂರು ಹೇಳಬೇಕಾಗಿದೆ.

ಬಹುಮಾನ ಬರಲಿಲ್ಲ ಅನ್ನೋ ಹೊಟ್ಟೆಯುರಿಗೆ ಬರೆದಿದ್ದಾಳೆ ಅಂತ ಕೆಲವರು ಅನ್ನಬಹುದು. ಅನ್ನಲಿ. ನಾನು ಹೇಳಲಿರುವ ಸ್ಪರ್ಧೆಯಲ್ಲಿ ನಮ್ಮ ನಾಟಕಕ್ಕೆ ಎರಡನೇ ಬಹುಮಾನ ಬಂದಿತ್ತು.

ಆ ಸ್ಪರ್ಧೆಗೆ ನಾವು ಭಾಸನ ‘ಊರುಭಂಗ’ವನ್ನು ಕನ್ನಡದಲ್ಲಿ ಆಡಿದ್ದೆವು. ನಡೆಸಿದ ಸಂಸ್ಥೆಯ ಹೆಸರು ಇಲ್ಲಿ ಬೇಡ. ಹೆಸರು ಹಾಕಿದರೆ ಅವರೊಬ್ಬರದೇ ತಪ್ಪು ಅಂತಾಗಿ, ಉಳಿದವರು ಆರಾಮಾಗಿಬಿಡ್ತಾರೆ. ದುರ್ಯೋಧನನ ಪಾತ್ರ ಮಾಡಿದ್ದು ನಮ್ಮ ತಂಡದ ಒಬ್ಬ ಹೆಣ್ಣುಮಗಳು. ಬೇರೆ ಗತಿಯಿಲ್ಲದೆ ಆಕೆಗೆ ಕೊಟ್ಟದ್ದಲ್ಲ. ತಂಡದಲ್ಲಿ ಆ ಪಾತ್ರದ ಮೇಲೆ ಕಣ್ಣಿಟ್ಟಿದ್ದ ಗಂಡುಮಕ್ಕಳು ಇದ್ದರು. ಓದಿಸಿ ನೋಡಿದೆ, ನಡೆಸಿ ನೋಡಿದೆ. ಆಕೆಯ ದನಿಯಲ್ಲಿದ್ದ ಗತ್ತು ಬೇರೆ ಯಾರಲ್ಲೂ ಇರಲಿಲ್ಲ.

ಆ ನಾಟಕ ನೋಡಿದವರಿಗೆ ಗೊತ್ತು. ಭೀಮನ ಗದೆಯ ಏಟಿಗೆ ತೊಡೆ ಮುರಿದ ಮೇಲೆ ದುರ್ಯೋಧನ ಎದ್ದು ನಿಲ್ಲುವ ಹಾಗಿಲ್ಲ. ಉಳಿದ ನಾಟಕವನ್ನೆಲ್ಲ ನೆಲದ ಮೇಲೆ ಬಿದ್ದುಕೊಂಡೇ ಮಾಡಬೇಕು. ಕಣ್ಣು ಕಾಣದ ಅಪ್ಪ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಅಮ್ಮ ಮಗನನ್ನು ಹುಡುಕಿಕೊಂಡು ಬರುತ್ತಾರೆ. ಚಿಕ್ಕ ಮಗ ದುರ್ಜಯ ಓಡಿ ಬಂದು ಎಂದಿನಂತೆ ಅಪ್ಪನ ತೊಡೆ ಏರಲು ನೋಡುತ್ತಾನೆ. ಅಪ್ಪ ತಡೆಯಬೇಕು. ನಮ್ಮ ನಟಿ ಅಲ್ಲಿ ಮಾತಿಗಿಂತ ಮುಂಚೆ ಎಡಗೈ ಎತ್ತಿದಳು. ಮಗುವನ್ನು ತಳ್ಳುವ ಕೈಯಲ್ಲ, ಹಾಗಂತ ಕರೆಯುವ ಕೈಯೂ ಅಲ್ಲ. ಆ ಕೈ ಹಾಗೇ ಗಾಳಿಯಲ್ಲಿ ನಡುಗುತ್ತಾ ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತೀರ್ಪುಗಾರರು ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರು. ವಿಂಗಿನಲ್ಲಿ ನಿಂತು ಇದನ್ನು ನಾನೇ ನೋಡಿದೆ.

ಫಲಿತಾಂಶದ ದಿನ ‘ಉತ್ತಮ ನಟ’ ಬೇರೊಬ್ಬರಿಗೆ ಹೋಯಿತು. ‘ಉತ್ತಮ ನಟಿ’ ಇನ್ನೊಂದು ತಂಡದ ಕಲಾವಿದೆಗೆ ಹೋಯಿತು. ಆಕೆಯೂ ಚೆನ್ನಾಗಿಯೇ ಮಾಡಿದ್ದರು, ತಕರಾರಿಲ್ಲ. ನಮ್ಮ ದುರ್ಯೋಧನನಿಗೆ ‘ತೀರ್ಪುಗಾರರ ವಿಶೇಷ ಮೆಚ್ಚುಗೆ’ ಅಂತ ಒಂದು ನೆನಪಿನ ಕಾಣಿಕೆ ಬಂತು. ನಗದು ಇಲ್ಲ. ಪ್ರಮಾಣಪತ್ರವನ್ನು ಆಮೇಲೆ ಕಳಿಸ್ತೀವಿ ಅಂದರು. ಇನ್ನೂ ಬಂದಿಲ್ಲ.

ಹೊರಗೆ ಟೀ ಅಂಗಡಿ ಹತ್ತಿರ ಅದೇ ತೀರ್ಪುಗಾರರು ಸಿಕ್ಕಿದರು. ಒಳ್ಳೆಯ ಮನುಷ್ಯರು, ರಂಗಭೂಮಿಯಲ್ಲೇ ಕೂದಲು ಬೆಳ್ಳಗಾದವರು. ಅವರಾಗಿಯೇ ಹೇಳಿದರು: “ಮೇಡಂ, ನಟಿ ಅಂತ ಕೊಡೋಣ ಅಂದ್ರೆ ಪಾತ್ರ ಗಂಡಸಿನದು. ನಟ ಅಂತ ಕೊಡೋಣ ಅಂದ್ರೆ ಆಕೆ ಹೆಣ್ಣುಮಗಳು. ಒಂದು ಗಂಟೆ ಅದೇ ಚರ್ಚೆ ಆಯ್ತು. ನಿಯಮದಲ್ಲಿ ಜಾಗ ಇಲ್ಲ, ಏನು ಮಾಡೋದು?”

ಆ ಒಂದು ಗಂಟೆಯಲ್ಲಿ ಅಭಿನಯದ ಬಗ್ಗೆ ಎಷ್ಟು ಮಾತು ನಡೆದಿರಬಹುದು, ನೀವೇ ಹೇಳಿ.

ನಾನು ಆಮೇಲೆ ಆ ಸ್ಪರ್ಧೆಯ ನಿಯಮಾವಳಿ ತೆಗೆದು ಮತ್ತೆ ಓದಿದೆ. ಒಂದು ಕಡೆ ‘ಉತ್ತಮ ನಟ, ಉತ್ತಮ ನಟಿ’ ಅಂತಿದೆ. ಅಂಕಪಟ್ಟಿಯಲ್ಲಿ ‘ಪುರುಷ ಪಾತ್ರ, ಸ್ತ್ರೀ ಪಾತ್ರ’ ಅಂತಿದೆ. ಎರಡೂ ಒಂದೇ ಅಲ್ಲ, ಅಲ್ವಾ? ಮೊದಲನೆಯದು ಬಣ್ಣ ಹಚ್ಚಿಕೊಂಡ ಮನುಷ್ಯರ ಲೆಕ್ಕ, ಎರಡನೆಯದು ನಾಟಕದೊಳಗಿನ ಪಾತ್ರದ ಲೆಕ್ಕ. ಬಹುಮಾನ ಯಾವುದಕ್ಕೆ ಅಂತ ನಿಯಮ ಬರೆದವರಿಗೇ ಸ್ಪಷ್ಟವಿಲ್ಲ. ಇನ್ನೂ ನಾಲ್ಕಾರು ಸ್ಪರ್ಧೆಗಳ ನಿಯಮಾವಳಿ ತರಿಸಿ ನೋಡಿದೆ. ಹೆಚ್ಚು ಕಡಿಮೆ ಎಲ್ಲ ಕಡೆ ಇದೇ ಗೊಂದಲ. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಟೈಪ್ ಮಾಡಿಸಿದ ಹಾಗಿದೆ.

ಅದೇ ಸ್ಪರ್ಧೆಯಲ್ಲಿ ನಡೆದ ಇನ್ನೊಂದು ಸಂಗತಿ. ಒಂದು ತಂಡದಲ್ಲಿ ಕಾಲೇಜು ಓದುವ ಹುಡುಗ ಅಜ್ಜಿಯ ಪಾತ್ರ ಮಾಡಿದ್ದ. ಮಗ ಸತ್ತ ಮೇಲೆ ಸೊಸೆಯ ಜೊತೆ ಬದುಕುವ ಅಜ್ಜಿ. ನಗಿಸೋದಕ್ಕೆ ಅಂತ ಒಂದು ಮಾತೂ ಆ ಪಾತ್ರದಲ್ಲಿರಲಿಲ್ಲ. ಎಲೆ ಅಡಿಕೆ ಚೀಲ ಬಿಚ್ಚುವಾಗ ಬೆರಳು ಸೆಟೆದುಕೊಳ್ಳೋದನ್ನು ಆ ಹುಡುಗ ಎಷ್ಟು ಚೆನ್ನಾಗಿ ಹಿಡಿದಿದ್ದ! ಅವನಿಗೆ ಸಿಕ್ಕ ಬಹುಮಾನ ಯಾವುದು ಗೊತ್ತಾ? ‘ಉತ್ತಮ ಹಾಸ್ಯ ನಟ.’ ಗಂಡು ಹುಡುಗ ಸೀರೆ ಉಟ್ಟ, ಅಂದಮೇಲೆ ಹಾಸ್ಯವೇ ಇರಬೇಕು ಅಂತ ಯಾರೋ ತೀರ್ಮಾನ ಮಾಡಿಬಿಟ್ಟಿದ್ದರು. ಹುಡುಗ ವೇದಿಕೆ ಹತ್ತಿ ಬಹುಮಾನ ತಗೊಂಡ. ಅವನ ಮುಖ ನೋಡೋಕೆ ಆಗ್ತಿರಲಿಲ್ಲ.

ಮೂರನೆಯದು ಇನ್ನೊಂದು ಸ್ಪರ್ಧೆಯದು. ಅಲ್ಲಿ ಒಂದು ತಂಡದ ಕಲಾವಿದೆ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದವರು. ಪ್ರವೇಶ ಪತ್ರದಲ್ಲಿ ‘ಪು / ಸ್ತ್ರೀ’ ಅಂತ ಎರಡೇ ಮನೆ. ಆಕೆ ಎರಡನ್ನೂ ಖಾಲಿ ಬಿಟ್ಟು ಕೊಟ್ಟರು. ಕೌಂಟರಿನಲ್ಲಿ ಕೂತಿದ್ದ ಸ್ವಯಂಸೇವಕ ಆಕೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ತಾನೇ ‘ಪು’ ಅಂತ ಗುರುತು ಹಾಕಿದ. ಕೇಳಲೂ ಇಲ್ಲ. ಆಕೆ ನಾಟಕ ಮಾಡಿ, ಬಹುಮಾನ ವಿತರಣೆಗೆ ಕಾಯದೆ ಹೊರಟುಹೋದರು.

ಸುಪ್ರೀಂ ಕೋರ್ಟ್ ತೃತೀಯ ಲಿಂಗಿಗಳ ಗುರುತನ್ನು ಎತ್ತಿಹಿಡಿದದ್ದು 2014ರಲ್ಲಿ. ನಮ್ಮ ರಾಜ್ಯ ಸರ್ಕಾರ ನೌಕರಿಯಲ್ಲಿ ಅವರಿಗೆ ಶೇ 1 ಮೀಸಲಾತಿ ತಂದದ್ದು 2021ರಲ್ಲಿ. ಅದೇ ಸಮುದಾಯದ ಮಂಜಮ್ಮ ಜೋಗತಿ 2019ರಲ್ಲೇ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಸರ್ಕಾರಿ ಕಚೇರಿಯ ಅರ್ಜಿ ನಮೂನೆ ಬದಲಾಯಿತು. ಎಲ್ಲರಿಗಿಂತ ಮೊದಲು ಬದಲಾಗಬೇಕಿದ್ದ ನಮ್ಮ ನಾಟಕದವರ ನಮೂನೆ ಬದಲಾಗಲಿಲ್ಲ. ಇದಕ್ಕೆ ಏನನ್ನೋಣ?

ಮಾನ್ಯರೇ, ವೇಷ ಬದಲಿಸೋದು ನಮಗೆ ಹೊಸದೇನಲ್ಲ. ಆರ್. ನಾಗರತ್ನಮ್ಮನವರ ಹೆಸರು ನಿಮಗೆ ನಾನು ಹೇಳಬೇಕಿಲ್ಲ. 1958ರಲ್ಲಿ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದವರು. ತಂಡದ ತುಂಬ ಹೆಂಗಸರೇ. ಕಂಸ, ರಾವಣ, ಭೀಮ, ದುರ್ಯೋಧನ ಎಲ್ಲರೂ ಹೆಂಗಸರೇ. ನಾಗರತ್ನಮ್ಮನವರ ಕಂಸನನ್ನು ನೋಡಿದ ಹಿರಿಯರು ಇವತ್ತಿಗೂ ಆ ಅಬ್ಬರ ನೆನೆಸಿಕೊಳ್ಳುತ್ತಾರೆ. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರಿಗೆ ಬಂತು, ಗುಬ್ಬಿ ವೀರಣ್ಣ ಪ್ರಶಸ್ತಿ ಬಂತು, 2012ರಲ್ಲಿ ಪದ್ಮಶ್ರೀಯೂ ಬಂತು. ಅವರು ಇವತ್ತು ತಂಡ ಕಟ್ಟಿಕೊಂಡು ನಿಮ್ಮ ಸ್ಪರ್ಧೆಗೆ ಬಂದರೆ ಕಂಸನಿಗೆ ಯಾವ ಬಹುಮಾನ ಕೊಡ್ತೀರಿ? ಅದೇ ‘ವಿಶೇಷ ಮೆಚ್ಚುಗೆ’ಯಾ?

ಇನ್ನೊಂದು ಕಡೆಯಿಂದ ನೋಡಿ. ಯಕ್ಷಗಾನದ ಸ್ತ್ರೀವೇಷ ಅಂದರೆ ಕೋಳ್ಯೂರು ರಾಮಚಂದ್ರ ರಾಯರ ಹೆಸರು ತಾನಾಗಿ ಬರುತ್ತದೆ. ಅವರ ಹೆಣ್ಣು ಪಾತ್ರ ನೋಡಿ ‘ಗಂಡಸಾಗಿ ಪರವಾಗಿಲ್ಲ’ ಅಂತ ಯಾರಾದರೂ ರಿಯಾಯಿತಿ ಕೊಟ್ಟು ಮೆಚ್ಚಿದ್ದುಂಟಾ? ಪಕ್ಕದ ಮರಾಠಿಯ ನಟ ಬಾಲಗಂಧರ್ವರು ರಂಗದ ಮೇಲೆ ಸೀರೆ ಉಡುತ್ತಿದ್ದ ರೀತಿಯನ್ನು ಮನೆಯ ಹೆಂಗಸರು ನೋಡಿ ಕಲಿಯುತ್ತಿದ್ದರಂತೆ. ನಮ್ಮ ಏಣಗಿ ಬಾಳಪ್ಪನವರು ಕೂಡ ಬಣ್ಣದ ಬದುಕಿನ ಶುರುವಿನಲ್ಲಿ ಸ್ತ್ರೀ ಪಾತ್ರ ಮಾಡಿದವರೇ. ಆಮೇಲೆ ಬಸವಣ್ಣನಾಗಿ ಜನ ಕೈಮುಗಿಯುವ ಹಾಗೆ ನಿಂತರು. ಇವತ್ತು ಊರೂರು ಸುತ್ತುವ ನೀನಾಸಂ ತಿರುಗಾಟ ತಂಡದ ನಾಟಕ ನೋಡಿದರೂ ಅಷ್ಟೇ. ಇರುವ ಕೆಲವೇ ಕಲಾವಿದರು ಒಂದೇ ರಾತ್ರಿ ನಾಲ್ಕು ಪಾತ್ರ ಮಾಡುತ್ತಾರೆ. ಹೆಣ್ಣುಮಗಳು ಸೈನಿಕನಾಗುತ್ತಾಳೆ, ಮುದುಕನಾಗುತ್ತಾಳೆ, ಸೂತ್ರಧಾರನಾಗುತ್ತಾಳೆ. ಪ್ರೇಕ್ಷಕರಿಗೆ ಗೊಂದಲ ಆಗೋದಿಲ್ಲ. ಗೊಂದಲ ಆಗೋದು ಅಂಕಪಟ್ಟಿಗೆ ಮಾತ್ರ.

ಒಂದು ಮಾತು ಇಲ್ಲಿ ಒಪ್ಪಲೇಬೇಕು. ಹಿಂದೆ ಗಂಡಸರು ಸೀರೆ ಉಡುತ್ತಿದ್ದದ್ದು ಬರೀ ಕಲೆಯ ದೊಡ್ಡಸ್ತಿಕೆಯಿಂದಲ್ಲ. ಹೆಂಗಸರನ್ನು ರಂಗಕ್ಕೆ ಬಿಡುತ್ತಿರಲಿಲ್ಲ, ಬಂದವರನ್ನು ಮರ್ಯಾದೆಯಿಂದ ನೋಡುತ್ತಿರಲಿಲ್ಲ. ಕಂಪನಿ ಕಾಲದ ನಟಿಯರು ಎಷ್ಟು ಮಾತು ಕೇಳಿಕೊಂಡು ಬಣ್ಣ ಹಚ್ಚಿದರು ಅನ್ನೋದು ಅವರ ಮನೆಯವರಿಗೇ ಗೊತ್ತು. ‘ಸ್ತ್ರೀ ಪಾತ್ರಗಳನ್ನು ಸ್ತ್ರೀಯರೇ ಮಾಡಬೇಕು’ ಅಂತ ಕೆಲವು ಸ್ಪರ್ಧೆಗಳಲ್ಲಿ ಈಗಲೂ ಇರುವ ನಿಯಮ ಹುಟ್ಟಿದ್ದು ಹೆಣ್ಣುಮಕ್ಕಳನ್ನು ವೇದಿಕೆಗೆ ತರುವ ಒಳ್ಳೆಯ ಉದ್ದೇಶದಿಂದಲೇ ಇರಬೇಕು. ‘ಉತ್ತಮ ನಟಿ’ ಬಹುಮಾನವೂ ಹಾಗೆಯೇ. ಅದಿರುವುದಕ್ಕೇ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಮಗಳನ್ನು ತಾಲೀಮಿಗೆ ಕಳಿಸಿದ್ದಾರೆ.

ಹಾಗಾಗಿ ಎರಡನ್ನೂ ಸೇರಿಸಿ ಒಂದೇ ಬಹುಮಾನ ಮಾಡಿ ಅಂತ ನಾನು ಕೇಳುತ್ತಿಲ್ಲ. ಈ ಪತ್ರ ಓದಿ ಯಾರಾದರೂ ಹಾಗೆ ಮಾಡಿದರೆ ನನಗಿಂತ ಜಾಸ್ತಿ ಬೇಜಾರು ಪಡುವವರು ಇನ್ನೊಬ್ಬರಿಲ್ಲ.

ಯಾಕೆ ಅಂತ ಹೇಳ್ತೀನಿ. ನಮ್ಮ ನಾಟಕಗಳ ಪಾತ್ರಪಟ್ಟಿ ತೆಗೆದು ನೋಡಿ. ಐತಿಹಾಸಿಕ ನಾಟಕ ಅಂದರೆ ರಾಜ, ಮಂತ್ರಿ, ಸೇನಾಪತಿ, ರಾಜಗುರು, ಶತ್ರು ರಾಜ, ದೂತ, ವಿದೂಷಕ. ಹೆಣ್ಣು ಅಂದರೆ ರಾಣಿ, ಹೆಚ್ಚೆಂದರೆ ಒಬ್ಬ ದಾಸಿ. ದಾಸಿಗೆ ಮೂರು ಮಾತು, ಅದರಲ್ಲಿ ಎರಡು ‘ಅಪ್ಪಣೆ ಮಹಾರಾಣಿ’. ಪೌರಾಣಿಕದ ಕಥೆಯೂ ಹೆಚ್ಚು ಬೇರೆಯಲ್ಲ. ತೀರ್ಪುಗಾರರ ಕೈ ಉದ್ದದ ಪಾತ್ರದ ಕಡೆಗೇ ಓಡುತ್ತದೆ, ಕಿರುಚಿ ಮಾತಾಡುವ ಪಾತ್ರದ ಕಡೆಗೆ ಇನ್ನೂ ಜೋರಾಗಿ ಓಡುತ್ತದೆ. ಇಂಥ ಕಡೆ ಅಭಿನಯಕ್ಕೆ ಒಂದೇ ಬಹುಮಾನ ಇಟ್ಟರೆ ವರ್ಷ ವರ್ಷವೂ ಅದು ರಾಜನ ಪಾಲು. ರಾಣಿ ಚಪ್ಪಾಳೆ ತಟ್ಟುತ್ತಾ ಕೂರಬೇಕು.

ಬಹುಮಾನ ಅಂದರೆ ಕಪ್, ಶಾಲು, ಫೋಟೋ ಅಷ್ಟೇ ಅಂದುಕೊಳ್ಳಬೇಡಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಆಡುತ್ತಾರಲ್ಲ, ಅಲ್ಲಿ ಗಂಡು ಪಾತ್ರವೆಲ್ಲ ಊರ ಹುಡುಗರದ್ದು. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಆಕೆ ಮಧ್ಯಾಹ್ನದ ಬಸ್ಸಿಗೆ ಬಂದು, ಹಾರ್ಮೋನಿಯಂ ಮಾಸ್ತರರ ಜೊತೆ ಹಾಡಿನ ಶ್ರುತಿ ನೋಡಿಕೊಂಡು, ಯಾರದೋ ಮನೆಯ ಪಡಸಾಲೆಯಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಂಡು, ಬೆಳಗಾಗುವವರೆಗೆ ನಾಟಕ ಮಾಡಿ, ಮೊದಲ ಬಸ್ಸಿಗೆ ಇನ್ನೊಂದು ಊರಿಗೆ ಹೊರಡುತ್ತಾಳೆ. ಮುಂದಿನ ಊರಿನವರು ಸಂಭಾವನೆ ಮಾತಾಡುವಾಗ ‘ಉತ್ತಮ ನಟಿ’ ಅನ್ನುವ ಒಂದು ಪ್ರಮಾಣಪತ್ರ ಆಕೆಯ ಕೈ ಬಲಪಡಿಸುತ್ತದೆ. ವಯಸ್ಸಾದ ಮೇಲೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗಲೂ ಅಷ್ಟೇ. ಇಷ್ಟು ವರ್ಷ ನಾಟಕ ಮಾಡಿದ್ದೇನೆ ಅಂತ ತೋರಿಸಲು ಅವರ ಹತ್ತಿರ ಇರೋದು ಟ್ರಂಕಿನಲ್ಲಿಟ್ಟ ಕರಪತ್ರಗಳು, ಇಂಥ ಕಾಗದಗಳು. ಗಂಡು ಹೆಣ್ಣು ಭೇದ ಬೇಡ ಅನ್ನೋ ದೊಡ್ಡ ಮಾತಾಡಿ ಆ ಕಾಗದವನ್ನೇ ಕಿತ್ತುಕೊಂಡರೆ ಅದು ಯಾವ ಸಮಾನತೆ?

ಹೊರಗಿನವರು ಏನು ಮಾಡಿದ್ದಾರೆ ಅಂತಲೂ ನೋಡಿದೆ. ಬ್ರಿಟನ್ನಿನ ಬ್ರಿಟ್ ಸಂಗೀತ ಪ್ರಶಸ್ತಿಯವರು 2022ರಲ್ಲಿ ಗಾಯಕ, ಗಾಯಕಿ ಅನ್ನೋ ವಿಭಾಗ ತೆಗೆದು ‘ವರ್ಷದ ಕಲಾವಿದ’ ಅಂತ ಒಂದೇ ಮಾಡಿದರು. ಮೊದಲ ವರ್ಷ ಗಾಯಕಿ ಅಡೆಲ್ ಗೆದ್ದರು, ಎಲ್ಲರೂ ಖುಷಿಯಾದರು. ಮರುವರ್ಷ ಅಂತಿಮ ಪಟ್ಟಿಯಲ್ಲಿದ್ದ ಐವರೂ ಗಂಡಸರು! ಗಲಾಟೆ ಆಯಿತು. 2024ಕ್ಕೆ ಪಟ್ಟಿಯನ್ನು ಹತ್ತಕ್ಕೆ ಏರಿಸಿದರು, ಆ ಸಲ ರೇ ಎಂಬ ಗಾಯಕಿ ಗೆದ್ದರು. ಬರ್ಲಿನ್ ಚಿತ್ರೋತ್ಸವದ ಅನುಭವ ಇದಕ್ಕೆ ಉಲ್ಟಾ. ಅವರು 2021ರಿಂದ ನಟ, ನಟಿ ಅಂತ ಭಾಗ ಮಾಡದೆ ಪ್ರಧಾನ ಪಾತ್ರಕ್ಕೊಂದು, ಪೋಷಕ ಪಾತ್ರಕ್ಕೊಂದು ಪ್ರಶಸ್ತಿ ಕೊಡುತ್ತಿದ್ದಾರೆ. 2025ರವರೆಗಿನ ಐದು ವರ್ಷಗಳಲ್ಲಿ ಪ್ರಧಾನ ಪಾತ್ರದ ಪ್ರಶಸ್ತಿ ನಾಲ್ಕು ಸಲ ಹೆಣ್ಣುಮಕ್ಕಳಿಗೇ ಹೋಗಿದೆ. ಅದರಲ್ಲಿ ಒಬ್ಬಳು ಪುಟ್ಟ ಹುಡುಗಿ.

ನಾಟಕದವರಾದ ನಮಗೆ ಹತ್ತಿರದ ಉದಾಹರಣೆ ನ್ಯೂಯಾರ್ಕಿನ ಡ್ರಾಮಾ ಡೆಸ್ಕ್ ಪ್ರಶಸ್ತಿ. ಅವರು 2023ರಲ್ಲಿ ವಿಭಾಗ ಒಂದು ಮಾಡಿದರು, ಆದರೆ ಪ್ರತಿ ವಿಭಾಗದಲ್ಲಿ ಇಬ್ಬರು ವಿಜೇತರು ಅಂತ ಇಟ್ಟರು. ಸಿಗುವ ಪ್ರಶಸ್ತಿ ಒಂದೂ ಕಡಿಮೆಯಾಗಲಿಲ್ಲ. ಆ ವರ್ಷ ನಾಟಕದ ಪ್ರಧಾನ ಪಾತ್ರಕ್ಕೆ ನಟಿ ಜೆಸಿಕಾ ಚಾಸ್ಟೇನ್ ಮತ್ತು ನಟ ಶಾನ್ ಹೇಯ್ಸ್ ಇಬ್ಬರಿಗೂ ಬಂತು. ಸಂಗೀತ ನಾಟಕದ ವಿಭಾಗದಲ್ಲಿ ಒಬ್ಬ ನಟಿಗೆ ಬಂತು, ಇನ್ನೊಂದು ಜೆ. ಹ್ಯಾರಿಸನ್ ಘೀ ಅವರಿಗೆ. ಘೀ ತಮ್ಮನ್ನು ಗಂಡು ಅಂತಲೂ ಹೆಣ್ಣು ಅಂತಲೂ ಕರೆದುಕೊಳ್ಳದವರು. ಅದೇ ವರ್ಷ, ಅದೇ ಊರಿನ ಟೋನಿ ಪ್ರಶಸ್ತಿಯಲ್ಲಿ ಹಳೆಯ ಎರಡು ಮನೆಗಳೇ ಇದ್ದವು. ಘೀ ‘ನಟ’ ವಿಭಾಗಕ್ಕೆ ಒಪ್ಪಿಕೊಂಡು ಗೆದ್ದರು. ಜಸ್ಟಿನ್ ಡೇವಿಡ್ ಸುಲಿವನ್ ಎಂಬ ಇನ್ನೊಬ್ಬ ಕಲಾವಿದರು ಎರಡೂ ಮನೆ ನನ್ನದಲ್ಲ ಅಂತ ಸ್ಪರ್ಧೆಯಿಂದಲೇ ಹಿಂದೆ ಸರಿದರು. ಬಹುಮಾನ ವಿತರಣೆಗೆ ಕಾಯದೆ ಹೊರಟುಹೋದ ನಮ್ಮ ಆ ಕಲಾವಿದೆ ಮಾಡಿದ್ದೂ ಹೆಚ್ಚು ಕಡಿಮೆ ಇದನ್ನೇ. ಅವರದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಈಕೆಯದ್ದು ಯಾರಿಗೂ ಗೊತ್ತಾಗಲಿಲ್ಲ.

ಅಮೆರಿಕದವರು ಮಾಡಿದರು ಅಂತ ನಾವೂ ಮಾಡಬೇಕಾ ಅಂತ ಕೇಳಬಹುದು. ಬೇಡ, ನಮ್ಮ ಮನೆಯಲ್ಲೇ ನೋಡಿ. ಕೇಂದ್ರ ಸಂಗೀತ ನಾಟಕ ಅಕಾಡೆಮಿ ರಂಗಭೂಮಿಗೆ ಕೊಡುವ ಪ್ರಶಸ್ತಿಯಲ್ಲಿ ‘ಅಭಿನಯ’ ಅಂತ ಒಂದೇ ವಿಭಾಗ. ಗುಬ್ಬಿ ವೀರಣ್ಣ ಪ್ರಶಸ್ತಿಯಲ್ಲೂ ಗಂಡು, ಹೆಣ್ಣು ಅಂತ ಎರಡಿಲ್ಲ. ಅದೇಕೆ, ನಿಮ್ಮದೇ ಸ್ಪರ್ಧೆಯ ಉಳಿದ ಬಹುಮಾನ ನೋಡಿ. ನಿರ್ದೇಶನ, ಬೆಳಕು, ರಂಗಸಜ್ಜಿಕೆ, ಪ್ರಸಾಧನ, ಸಂಗೀತ, ಯಾವುದಕ್ಕೂ ‘ಪು / ಸ್ತ್ರೀ’ ಇಲ್ಲ. ನಾನು ನಿರ್ದೇಶನಕ್ಕೆ ಗಂಡಸರ ಜೊತೆಗೇ ನಿಲ್ಲುತ್ತೇನೆ, ಸೋಲುತ್ತೇನೆ, ಒಮ್ಮೊಮ್ಮೆ ಗೆಲ್ಲುತ್ತೇನೆ. ಅಭಿನಯಕ್ಕೆ ಮಾತ್ರ ಯಾಕೆ ಬೇರೆ ಸಾಲು?

ಇದಕ್ಕೆ ನನ್ನ ಗೆಳತಿಯೊಬ್ಬಳು, ಅವಳೂ ನಟಿ, ಖಡಕ್ಕಾಗಿ ಉತ್ತರ ಕೊಟ್ಟಳು: “ಬೆಳಕಿನ ಬಹುಮಾನ ಎಷ್ಟು ಹೆಂಗಸರಿಗೆ ಬಂದಿದೆ ಹೇಳು ನೋಡೋಣ. ಗೆರೆ ಇಲ್ಲದ ಕಡೆ ನಾವೂ ಇಲ್ಲ.” ಅವಳ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೇ ನಾನು ಗೆರೆ ಅಳಿಸಿ ಅಂತ ಮಾತ್ರ ಹೇಳಿ ಕೈತೊಳೆದುಕೊಳ್ಳುತ್ತಿಲ್ಲ. ಅಳಿಸುವ ರೀತಿಯ ಬಗ್ಗೆಯೂ ಬೇಡಿಕೆ ಇಡುತ್ತಿದ್ದೇನೆ.

ಈಗ ಹೆಚ್ಚಿನ ಸ್ಪರ್ಧೆಗಳಲ್ಲಿ ಉತ್ತಮ ನಟ, ಉತ್ತಮ ನಟಿ, ಪೋಷಕ ನಟ, ಪೋಷಕ ನಟಿ ಅಂತ ಅಭಿನಯಕ್ಕೆ ನಾಲ್ಕು ಬಹುಮಾನಗಳಿವೆ. ಆ ನಾಲ್ಕೂ ಹಾಗೇ ಇರಲಿ. ಹೆಸರು ಮಾತ್ರ ಬದಲಾಗಲಿ. ಪ್ರಧಾನ ಪಾತ್ರದ ಅಭಿನಯಕ್ಕೆ ಸಮಾನವಾದ ಎರಡು, ಪೋಷಕ ಪಾತ್ರದ ಅಭಿನಯಕ್ಕೆ ಸಮಾನವಾದ ಎರಡು. ಮೊದಲನೆಯದು, ಎರಡನೆಯದು ಅಂತ ಅವುಗಳಲ್ಲಿ ಮೇಲು ಕೀಳು ಬೇಡ. ನಗದೂ ಒಂದೇ, ಪ್ರಮಾಣಪತ್ರವೂ ಒಂದೇ. ನಿಮಗೆ ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲ. ನಾಗರತ್ನಮ್ಮನವರ ಥರದ ಕಂಸನೂ, ಆ ಕಾಲೇಜು ಹುಡುಗನ ಅಜ್ಜಿಯೂ ಈ ನಾಲ್ಕರೊಳಗೆ ಯಾವ ಚರ್ಚೆಯೂ ಇಲ್ಲದೆ ಕೂರುತ್ತಾರೆ.

ಹಾಗಾದರೆ ನಾಲ್ಕೂ ಗಂಡಸರಿಗೇ ಹೋಗಬಹುದಲ್ಲ ಅನ್ನೋದು ನಿಜವಾದ ಭಯ. ಪ್ರತಿ ಜೋಡಿಯಲ್ಲಿ ಒಂದು ಹೆಣ್ಣಿಗೇ ಅಂತ ನಿಯಮ ಮಾಡಿ ಅಂತ ಕೆಲವರು ಸಲಹೆ ಕೊಟ್ಟರು. ಅದು ಅಳಿಸಿದ ಗೆರೆಯನ್ನು ಮತ್ತೆ ಎಳೆದ ಹಾಗೆ, ನನಗೆ ಒಪ್ಪಿಗೆಯಿಲ್ಲ. ಅದರ ಬದಲು ತೀರ್ಪುಗಾರರ ಕುರ್ಚಿಯಿಂದ ಶುರು ಮಾಡಿ. ಮೂವರು ತೀರ್ಪುಗಾರರಲ್ಲಿ ಒಬ್ಬ ಹೆಣ್ಣುಮಗಳು ಇದ್ದೇ ಇರಬೇಕು, ಇಬ್ಬರಾದರೆ ಇನ್ನೂ ಒಳ್ಳೇದು. ಮೂವರೂ ಗಂಡಸರು ಕೂತು, ಸತ್ಕಾರಕ್ಕೆ ಹಾರ ಹಿಡಿದು ನಿಲ್ಲೋಕೆ ಮಾತ್ರ ಹುಡುಗಿಯರು ಬೇಕು ಅನ್ನೋ ಸ್ಪರ್ಧೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೀವೂ ನೋಡಿದ್ದೀರಿ.

‘ಸ್ತ್ರೀ ಪಾತ್ರ ಸ್ತ್ರೀಯರೇ ಮಾಡಬೇಕು’ ಅನ್ನುವ ನಿಯಮವನ್ನು ತೆಗೆದುಬಿಡಿ. ಬದಲಿಗೆ, ತಂಡದ ಕಲಾವಿದರಲ್ಲಿ ಇಂತಿಷ್ಟು ಮಂದಿ ಹೆಣ್ಣುಮಕ್ಕಳಾಗಲಿ, ಲಿಂಗತ್ವ ಅಲ್ಪಸಂಖ್ಯಾತರಾಗಲಿ ಇರಬೇಕು, ಅವರು ಯಾವ ಪಾತ್ರ ಬೇಕಾದರೂ ಮಾಡಬಹುದು ಅಂತ ಬರೆಯಿರಿ. ಆಗ ನೋಡಿ, ದಾಸಿಯ ಮೂರು ಮಾತಿಗೆ ಒಬ್ಬ ಹುಡುಗಿಯನ್ನು ಹುಡುಕಿ ತರುವ ತಂಡಗಳು ಆಕೆಗೆ ಮಂತ್ರಿಯ ಪಾತ್ರ ಕೊಡೋದನ್ನು ಯೋಚಿಸುತ್ತವೆ. ಹೊಸ ನಾಟಕ ಬರೆಯುವವರಿಗೂ ಅದೊಂದು ಒತ್ತಡವಾದೀತು. ನನ್ನ ಲೆಕ್ಕದಲ್ಲಿ ಬಹುಮಾನದ ಹೆಸರು ಬದಲಿಸೋದಕ್ಕಿಂತಲೂ ಈ ಬದಲಾವಣೆ ದೊಡ್ಡದು.

ಪ್ರವೇಶ ಪತ್ರದಲ್ಲಿ ‘ಪು / ಸ್ತ್ರೀ’ ಮನೆ ಬೇಕೇ ಬೇಕು ಅಂತಿದ್ದರೆ ಉಳಿದುಕೊಳ್ಳುವ ವ್ಯವಸ್ಥೆಗೆ ಅಂತ ಕೇಳಿ. ಬೇರೆ ಊರಿನಿಂದ ಬಂದವರಿಗೆ ರೂಮು, ಬಣ್ಣದ ಕೋಣೆ ಬೇಕಲ್ಲ. ಅಲ್ಲಿ ಕಲಾವಿದರು ತಾವೇ ಬರೆದದ್ದು ಅಂತಿಮ, ಕೌಂಟರಿನವರು ಗುರುತು ಹಾಕುವ ಹಾಗಿಲ್ಲ ಅಂತ ಸ್ವಯಂಸೇವಕರಿಗೆ ಮೊದಲೇ ತಿಳಿಸಿ. ತೀರ್ಪುಗಾರರ ಅಂಕಪಟ್ಟಿಗೆ ಆ ಮಾಹಿತಿ ಹೋಗಬೇಕಾದ ಅಗತ್ಯವೇ ಇಲ್ಲ. ಪಾತ್ರದ ಹೆಸರು, ಕಲಾವಿದರ ಹೆಸರು ಇದ್ದರೆ ಸಾಕು. ಮತ್ತೆ, ದಯವಿಟ್ಟು, ‘ಹಾಸ್ಯ’ದ ಬಹುಮಾನವನ್ನು ಹಾಸ್ಯ ಪಾತ್ರಕ್ಕೇ ಕೊಡಿ.

ಅಕಾಡೆಮಿಯ ಅಧ್ಯಕ್ಷರಲ್ಲಿ ಒಂದು ಪ್ರತ್ಯೇಕ ವಿನಂತಿ. ಊರೂರಿನ ಸ್ಪರ್ಧೆಗಳನ್ನು ನೀವು ನಡೆಸುವುದಿಲ್ಲ, ಅವರ ನಿಯಮ ನೀವು ಬರೆಯುವುದಿಲ್ಲ ಅಂತ ಗೊತ್ತು. ಆದರೆ ನೀವೊಂದು ಮಾದರಿ ನಿಯಮಾವಳಿ, ಒಂದು ಮಾದರಿ ಅಂಕಪಟ್ಟಿ ಮಾಡಿ ಹಂಚಿದರೆ ಟೈಪ್ ಮಾಡಿಸುವವರು ಅದನ್ನೇ ನೋಡಿ ಮಾಡಿಸುತ್ತಾರೆ. ಅದನ್ನು ಬರೆಯಲು ಕೂರುವ ಸಮಿತಿಯಲ್ಲಿ ಹಳ್ಳಿ ನಾಟಕದ ಕಲಾವಿದೆಯರು ಇರಲಿ, ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ರಂಗಕರ್ಮಿಗಳು ಇರಲಿ, ಬೆಂಗಳೂರು ಮೈಸೂರಿನವರಷ್ಟೇ ಬೇಡ. ಮೂರು ವರ್ಷ ಪ್ರಯೋಗ ಮಾಡಿ ನೋಡೋಣ. ಯಾವ ಸ್ಪರ್ಧೆಯಲ್ಲಿ ಅಭಿನಯದ ಬಹುಮಾನ ಯಾರಿಗೆ, ಯಾವ ಪಾತ್ರಕ್ಕೆ ಹೋಯಿತು ಅಂತ ಪಟ್ಟಿ ಸಂಗ್ರಹಿಸಿ ಪ್ರಕಟಿಸಿ. ಹೆಣ್ಣುಮಕ್ಕಳಿಗೆ ಸಿಗುವುದು ಈಗಿನದಕ್ಕಿಂತ ಕಡಿಮೆಯಾಗಿದೆ ಅಂತ ಆ ಪಟ್ಟಿ ಹೇಳಿದರೆ ಹಳೆಯ ಪದ್ಧತಿಗೇ ಮರಳಿ. ಆಗ ನನ್ನ ಗೆಳತಿಯ ಮಾತೇ ಸರಿ ಅಂತ ಮೊದಲು ಬರೆಯುವವಳು ನಾನೇ.

ಮುಂದಿನ ಹಂಗಾಮಿನ ಪ್ರವೇಶ ಪತ್ರಗಳು ಇನ್ನೇನು ಪ್ರೆಸ್ಸಿಗೆ ಹೋಗುವ ಹೊತ್ತು. ಅದಕ್ಕೆ ಮುಂಚೆ ಒಂದು ಸಭೆ ಕರೆದು ಇದನ್ನು ಚರ್ಚೆಗೆ ತಗೊಳ್ಳಿ. ಕರೆದರೆ ನಾನೂ ಬರುತ್ತೇನೆ, ಬಸ್ ಚಾರ್ಜೂ ಕೇಳೋದಿಲ್ಲ. ಮತ್ತೆ ನಮ್ಮ ದುರ್ಯೋಧನನ ಪ್ರಮಾಣಪತ್ರ ಬಾಕಿ ಇಟ್ಟುಕೊಂಡ ಸಂಘಟಕರು ಇದನ್ನು ಓದುತ್ತಿದ್ದರೆ, ದಯವಿಟ್ಟು ಕಳಿಸಿಕೊಡಿ. ಅದರಲ್ಲಿ ‘ಪು / ಸ್ತ್ರೀ’ ಕಾಲಂ ಏನಿಲ್ಲವಲ್ಲ, ‘ದುರ್ಯೋಧನನ ಪಾತ್ರದ ಅಭಿನಯಕ್ಕಾಗಿ’ ಅಂತ ಬರೆದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ನಿರ್ದೇಶಕಿ